ಅರವತ್ತನೆಯ ಹಾಳೆಯ ದಣಿವು

ಫೋನು ಬಂದಾಗ ಪ್ರಮೀಳಾ ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದರು. ಹಿದುಕುತ್ತಿದ್ದರು ಎನ್ನುವುದು ದೊಡ್ಡ ಮಾತಾಯಿತು. ನೆನೆದ ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬೀಳಬೇಕು. ಪ್ರಮೀಳಾ ಒತ್ತಿದರೆ ಒಂದು ಪಾತ್ರೆಗೆ, ಒಂದು ಒಲೆಕಟ್ಟೆಯ ಕೆಳಗೆ, ಇನ್ನೊಂದು ಎದುರಿಗೆ ಕೂತ ತಂಗಿ ಹೇಮಾವತಿಯ ಮಡಿಲಿಗೆ. ಮೂರು ವರ್ಷದಿಂದ ಬಲಗೈ ನಡುಗುತ್ತಿತ್ತು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ ಎರಡು ಬಗೆಯ ಮಾತ್ರೆ ಬರೆದುಕೊಟ್ಟಿದ್ದರು. ಎಪ್ಪತ್ತನಾಲ್ಕು ವರ್ಷದ ಕೈ, ನಡುಗಿದರೆ ನಡುಗಿಕೊಳ್ಳಲಿ ಎಂದು ಪ್ರಮೀಳಾ ಅದರಲ್ಲಿ ಒಂದನ್ನು ದಿನಾ ಮರೆಯುತ್ತಿದ್ದರು.

"ಮೇಡಂ, ನಾನು ಶಿವನಂಜು ಅಂತ. ರೇಖಾ ಭಂಡಾರದಲ್ಲಿ ಇಂಜಿನಿಯರು. ಗೋವರ್ಧನ ಮೇಷ್ಟ್ರ ಹತ್ರ ಕೆಲಸ ಮಾಡ್ತಿದ್ದೋರು ನೀವೇ ಅಲ್ವಾ?"

"ಹೌದಪ್ಪ. ಮೇಷ್ಟ್ರು ಹೋಗಿ ಹದಿನೆಂಟು ವರ್ಷ ಆಯ್ತಲ್ಲ."

"ಮೇಷ್ಟ್ರು ಹೋದ್ರು ಮೇಡಂ. ಅವರ ಕೈ ನಮ್ಮ ಹತ್ರ ಇದೆ. ಅದಕ್ಕೆ ಸುಸ್ತಾಗ್ತಿದೆ."

ಪ್ರಮೀಳಾ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟರು.

"ಯಂತ್ರಕ್ಕೆ ಸುಸ್ತಾಗತ್ತೇನಪ್ಪ?"

"ಆಗಬಾರದು ಮೇಡಂ. ಅದಕ್ಕೇ ನಿಮ್ಮನ್ನ ಕರೀತಿರೋದು."

ಬೆಳಿಗ್ಗೆ ಒಂಬತ್ತಕ್ಕೆ ಕಾರು ಕಳಿಸುತ್ತೇನೆಂದ. ಪ್ರಮೀಳಾಗೆ ಹೋಗುವ ಮನಸ್ಸೇನೂ ಇರಲಿಲ್ಲ. ಈಗೀಗ ಬೀದಿಯ ಕೊನೆಯ ತರಕಾರಿ ಗಾಡಿಯವರೆಗೆ ಹೋಗಿಬಂದರೂ ಒಂದು ಗಳಿಗೆ ಗೋಡೆಗೆ ಒರಗಿ ಕೂರಬೇಕಾಗುತ್ತಿತ್ತು. ಆದರೆ ಬೇಡ ಎಂದು ವಾದ ಮಾಡುವುದಕ್ಕೂ ಶಕ್ತಿ ಬೇಕಲ್ಲ. ಹೂಂ ಎಂದರು.

"ಎಡಕ್ಕೆ ವಾಲ್ತಿದೀಯ," ಎಂದಳು ಹೇಮಾವತಿ, ಮಡಿಲಿನ ಬೇಳೆಯನ್ನು ಆರಿಸಿ ಪಾತ್ರೆಗೆ ಹಾಕುತ್ತ. ಅಕ್ಕನಿಗೆ ದಣಿವಾದಾಗಲೆಲ್ಲ ಹೇಳುವ ಮಾತು ಅದು. ಪ್ರಮೀಳಾ ನೆಟ್ಟಗೆ ಕೂತರು.

*

ಹಳೆಯ ಚಿತ್ರಕಾರರ ಹಾಳೆಗಳನ್ನು ಕಾಪಾಡಿಡುವ ರೇಖಾ ಭಂಡಾರ ಮೈಸೂರಿನ ರಿಂಗ್ ರೋಡಿನಾಚೆ, ಕಿಟಕಿಯೇ ಇಲ್ಲದ ಒಂದು ಕಟ್ಟಡ. ಹಳೆಯ ಕಾಗದಕ್ಕೆ ಬಿಸಿಲು ಆಗುವುದಿಲ್ಲ, ಅದಕ್ಕೆ. ಒಳಗಿನ ಚಳಿಗೆ ಪ್ರಮೀಳಾ ಸೆರಗನ್ನು ಭುಜದ ಸುತ್ತ ಹೊದ್ದುಕೊಂಡರು. ಶಿವನಂಜು ನಲವತ್ತರ ಆಸುಪಾಸಿನವನು, ನಂಜನಗೂಡಿನ ಕಡೆಯವನು. ನಡೆಯುವಾಗ ಇವರ ವೇಗಕ್ಕೆ ತನ್ನ ವೇಗ ಇಳಿಸಿಕೊಂಡ. ಅಷ್ಟಕ್ಕೇ ಪ್ರಮೀಳಾಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯ ಬಂತು.

ಕೋಣೆಯ ನಡುವೆ ಒಂದು ಮೇಜು. ಅದಕ್ಕೆ ಅಂಟಿಕೊಂಡಂತೆ ಭುಜ, ಮೊಣಕೈ, ಮಣಿಕಟ್ಟು, ಮೂರು ಬೆರಳು ಇರುವ ಲೋಹದ ತೋಳು. ಬೆರಳಿನಲ್ಲಿ ಒಂದು ಮಾಮೂಲಿ ಪೆನ್ಸಿಲ್. ಇಷ್ಟು ದೊಡ್ಡ ಯಂತ್ರದ ಕೈಯಲ್ಲಿ ಮಕ್ಕಳ ಪೆನ್ಸಿಲ್ ನೋಡಿ ಪ್ರಮೀಳಾಗೆ ಪಾಪ ಅನ್ನಿಸಿತು.

"ಇದನ್ನ ನಾವೆಲ್ಲ 'ಕೈ' ಅಂತಲೇ ಕರೆಯೋದು," ಎಂದ ಶಿವನಂಜು. "ಕಾಗದದ ಮೇಲೆ ಗೆರೆ ಎಳೆದಾಗ ಸೀಸ ಮಾತ್ರ ಅಂಟಲ್ಲ ಮೇಡಂ, ಕಾಗದ ಒಂಚೂರು ತಗ್ಗತ್ತೆ. ಎಲ್ಲಿ ಒತ್ತಿದ್ರು, ಎಲ್ಲಿ ಹಗುರ ಬಿಟ್ರು, ಯಾವ ಗೆರೆ ಮೊದ್ಲು, ಯಾವುದು ಆಮೇಲೆ, ಎಷ್ಟು ಬೇಗ ಎಳೆದ್ರು, ಎಲ್ಲಾ ಆ ತಗ್ಗಲ್ಲಿ ಇರತ್ತೆ. ಸಾವಿರಾರು ಹಾಳೆ ಓದಿಸಿದ್ರೆ, ಎಳೆದ ತೋಳು ಹೇಗೆ ಆಡ್ತಿತ್ತು ಅಂತ ಇದು ಕಲಿತುಬಿಡತ್ತೆ. ಆಮೇಲೆ ಹೊಸ ಚಿತ್ರ ಬರಿ ಅಂದ್ರೆ ಅದೇ ಕೈಯಲ್ಲಿ ಬರಿಯತ್ತೆ."

"ನೋಡಿ ಬರೆಯೋದಲ್ವಾ?"

"ಅಲ್ಲ. ನಕಲಲ್ಲ. ಆ ಕೈಯೇ."

ಅವನು ಏನೋ ಒತ್ತಿದ. ತೋಳು ಎದ್ದಿತು. ಹಾಳೆಯ ಮೇಲೆ ಒಂದು ಕ್ಷಣ ತೂಗಿ ಪೆನ್ಸಿಲ್ ಇಳಿಸಿ, ಮೊದಲು ಸೊಂಟದ ಗೆರೆ ಎಳೆಯಿತು. ಆಮೇಲೆ ಬೆನ್ನು, ಆಮೇಲೆ ಬಿಂದಿಗೆ, ಬಿಂದಿಗೆಯನ್ನು ಸುತ್ತಿದ ತೋಳು. ಮುಖ ಎಲ್ಲಕ್ಕಿಂತ ಕೊನೆಗೆ. ಪ್ರಮೀಳಾ ನೋಡನೋಡುತ್ತಿದ್ದಂತೆ ಕಾಗದದಿಂದ ಬಿಂದಿಗೆ ಅಜ್ಜಿ ಎದ್ದು ಬಂದಳು. ಅದೇ ಚಪ್ಪಟೆ ಮೂಗು, ಅದೇ ಮೊಂಡು ಗದ್ದ.

ಬಿಂದಿಗೆ ಅಜ್ಜಿಯನ್ನು ಈಗಿನವರು ಬಲ್ಲರೋ ಇಲ್ಲವೋ. ಆಗ ಶಾಲೆಗಳಲ್ಲಿ ತೋರಿಸಲೆಂದು ಹನ್ನೆರಡು ಹನ್ನೆರಡು ನಿಮಿಷದ ಚಿತ್ರಗಳನ್ನು ಮಾಡಿಸುತ್ತಿದ್ದರು. ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಊರೂರು ನಡೆಯುವ ಒಬ್ಬ ಅಜ್ಜಿ, ನೀರು ಕಾಯಿಸಿ ಕುಡಿಯಿರಿ ಎಂದು ಎಲ್ಲರನ್ನೂ ಬೈಯುತ್ತಾಳೆ, ಅಷ್ಟೇ ಕಥೆ. ಮಂಡಿ ಮೊಹಲ್ಲಾದಲ್ಲಿ ಒಂದು ಊದುಬತ್ತಿ ಗೋಡೌನಿನ ಮಹಡಿಯ ಮೇಲೆ ಗೋವರ್ಧನ ಮೇಷ್ಟ್ರ ಚಿತ್ರಶಾಲೆ ಇತ್ತು. ಬರೆದ ಹಾಳೆಗಳೆಲ್ಲ ಊದುಬತ್ತಿಯ ವಾಸನೆ ಹೊಡೆಯುತ್ತಿದ್ದವು. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ. ಹನ್ನೆರಡು ನಿಮಿಷಕ್ಕೆ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ, ಆದ್ದರಿಂದ ಅಲ್ಲಿ ಯಾರೂ ಹಾಕುತ್ತಿರಲಿಲ್ಲ.

ಮೇಷ್ಟ್ರು ಮುಖ್ಯ ಚಿತ್ರಗಳನ್ನು ಬರೆಯುತ್ತಿದ್ದರು. ಅಜ್ಜಿ ಕಾಲೆತ್ತಿದ್ದು ಒಂದು, ಊರಿದ್ದು ಒಂದು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಆ ಎರಡನ್ನೂ ಒಂದರ ಮೇಲೊಂದಿಟ್ಟು, ನಡುವಿನ ಏಳೆಂಟು ಚಿತ್ರ ಬರೆಯುವುದು ಪ್ರಮೀಳಾರ ಕೆಲಸ. ಅದನ್ನು ಅವರೆಲ್ಲ ನಡುಚಿತ್ರ ಎನ್ನುತ್ತಿದ್ದರು. ಮೇಷ್ಟ್ರು ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಹಾರುವ ಮುಂಚೆ ದೇಹ ಕುಗ್ಗಬೇಕು, ತಲೆ ತಿರುಗುವಾಗ ಕಣ್ಣು ಒಮ್ಮೆ ಮುಚ್ಚಬೇಕು, ಕೈ ನೇರವಾಗಿ ಹೋಗಬಾರದು, ಬಾಗಿ ಹೋಗಬೇಕು ಎಂದೆಲ್ಲ ಕಲಿಸಿದವರು ಅವರೇ. ಐದೇ ಗೆರೆಯಲ್ಲಿ ಅಜ್ಜಿಗೆ ಸಿಟ್ಟು ಬರಿಸಬಲ್ಲವರಾಗಿದ್ದರು. ಆದರೆ ಗಂಡಸು. ಸೀರೆಯುಟ್ಟವಳು ಬಗ್ಗುವಾಗ ನೆರಿಗೆಯನ್ನು ಯಾವ ಕೈಯಲ್ಲಿ ಹಿಡಿಯುತ್ತಾಳೆ ಎನ್ನುವುದು ಅವರಿಗೆ ತಿಳಿಯದು. "ಸೆರಗು ನೀನೇ ನೋಡ್ಕೋ" ಎಂದು ಮೈ ಬರೆದು ಸೆರಗು ಬಿಟ್ಟುಬಿಡುತ್ತಿದ್ದರು. ಅಜ್ಜಿ ನಿಂತ ಮೇಲೂ ಅವಳ ಸೆರಗು ನಿಲ್ಲದೆ ಎರಡು ಚಿತ್ರ ತಡವಾಗಿ ಬಂದು ಸೇರುವಂತೆ ಮಾಡಿದ್ದು ಪ್ರಮೀಳಾ. ಶಾಲೆಯ ಮಕ್ಕಳು ಆ ಸೆರಗಿಗೇ ಚಪ್ಪಾಳೆ ತಟ್ಟುತ್ತಿದ್ದರಂತೆ. ಹೆಜ್ಜೆ ಅವರದು, ನಡಿಗೆ ನನ್ನದು ಎಂದು ಪ್ರಮೀಳಾ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದರು, ಬಾಯಿಬಿಟ್ಟು ಹೇಳಿದ್ದಿಲ್ಲ.

"ಈಗ ನೋಡಿ," ಎಂದ ಶಿವನಂಜು. "ಇದು ನಿನ್ನೆ ಬರೆದ ನೂರು ಹಾಳೆ, ಒಟ್ಟಿಗೆ ಓಡಿಸ್ತೀನಿ."

ಗೋಡೆಯ ಮೇಲೆ ಅಜ್ಜಿ ನಡೆಯತೊಡಗಿದಳು. ಸರಸರ ನಡಿಗೆ. ಸೊಂಟದ ಬಿಂದಿಗೆಯಲ್ಲಿ ನೀರು ತುಂಬಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದು ಐದು ಸೆಕೆಂಡು ಹೀಗೇ ಹೋಯಿತು. ಆಮೇಲೆ ಅಜ್ಜಿಯ ಭುಜ ಸ್ವಲ್ಪ ಇಳಿಯಿತು. ಪಾದ ನೆಲದಿಂದ ಮೊದಲಿನಷ್ಟು ಏಳಲಿಲ್ಲ. ಮೈ ತುಸುವೇ ಎಡಕ್ಕೆ ವಾಲಿತು. ಬಿಂದಿಗೆ ಹಿಡಿದ ಕೈ ಬಿಗಿಯಾಯಿತು.

"ಕಂಡ್ರಾ? ಸರಿಯಾಗಿ ಅರವತ್ತನೇ ಹಾಳೆಯಿಂದ. ಎಷ್ಟು ಸಲ ಬರೆಸಿದ್ರೂ ಅಷ್ಟೇ. ಅರವತ್ತಕ್ಕೆ ಬಂದ ತಕ್ಷಣ ಕೈಗೆ ಸುಸ್ತಾಗತ್ತೆ, ಅಜ್ಜಿ ಮೂರು ಡಿಗ್ರಿ ಎಡಕ್ಕೆ ವಾಲ್ತಾಳೆ. ನಾವು ಹಾಳೆಗಳನ್ನ ಬರೆದ ದಿನದ ಕ್ರಮದಲ್ಲೇ ಓದಿಸಿದ್ವಿ. ದಿನದ ಕೊನೇಲಿ ಕೈ ಹೇಗೆ ಸೋಲತ್ತೆ ಅನ್ನೋದನ್ನೂ ಕಲಿತುಬಿಟ್ಟಿದೆ."

"ಅದನ್ನ ತೆಗೆಯೋಕಾಗಲ್ವಾ?"

ಉತ್ತರ ಹಿಂದಿನಿಂದ ಬಂತು. "ತೆಗೆದಿದೀವಿ." ಭಂಡಾರದ ಮುಖ್ಯಸ್ಥೆ ಡಾಕ್ಟರ್ ಮುತ್ತಮ್ಮ ಒಳಗೆ ಬಂದಿದ್ದರು. ಕೊಡಗಿನವರು, ಎತ್ತರದ ಹೆಂಗಸು, ಮಾತು ಚುಟುಕು. "ಅದನ್ನೂ ತೋರಿಸಿ, ಶಿವನಂಜು."

ತಿದ್ದಿದ ಅಜ್ಜಿ ನಡೆದಳು. ಮೊದಲಿನಿಂದ ಕೊನೆಯವರೆಗೂ ಒಂದೇ ಸಮ. ಗೆರೆಯಲ್ಲಿ ತಪ್ಪಿಲ್ಲ, ಸೆರಗೂ ಬಂತು. ಆದರೆ ಪ್ರಮೀಳಾಗೆ ಏನೋ ಕಸಿವಿಸಿ.

"ಬಿಂದಿಗೆ ಖಾಲಿ ಇದೆ," ಎಂದರು.

ಶಿವನಂಜು ಮುತ್ತಮ್ಮನವರ ಕಡೆ ನೋಡಿದ. "ನಾನೂ ಅದನ್ನೇ ಹೇಳ್ತಿರೋದು ಮೇಡಂ. ಸುಸ್ತು ತೆಗೆದ್ರೆ ಭಾರಾನೂ ಹೋಗತ್ತೆ. ಯಾಕೆ ಅಂತ ಗೊತ್ತಾಗ್ತಿಲ್ಲ."

"ಅದೇನೇ ಇರಲಿ," ಎಂದರು ಮುತ್ತಮ್ಮ. "ಈ ಅಜ್ಜಿದೇ ಒಂದೂವರೆ ಗಂಟೆಯ ಹೊಸ ಚಿತ್ರ ಮಾಡ್ಬೇಕು ಅಂತ ಸಿನಿಮಾದೋರು ಕೇಳಿದಾರೆ. ಅರವತ್ತು ಹಾಳೆಗೆ ಸೋಲೋ ಕೈ ಇಟ್ಕೊಂಡು ಆಗಲ್ಲ. ಶುಕ್ರವಾರ ಈ ತಿದ್ದಿದ ಕೈಗೆ ಮೊಹರು ಹಾಕ್ತೀವಿ. ಒಮ್ಮೆ ಹಾಕಿದ್ಮೇಲೆ ಯಾರೂ ಬದಲಾಯಿಸೋ ಹಾಗಿಲ್ಲ. ತೀರಿಕೊಂಡ ಕಲಾವಿದರ ಕೈ ನಡೆಸೋಕೆ, ಅವರ ಪಕ್ಕ ಕೂತು ಕೆಲಸ ಮಾಡಿದ ಒಬ್ಬರ ಸಾಕ್ಷಿ ಬೇಕು ಅಂತ ಕಾಯ್ದೆ ಇದೆ. ಇದು ಗೋವರ್ಧನರ ಕೈಯೇ ಅಂತ ನೀವು ಒಂದು ಸಹಿ ಮಾಡಿಕೊಟ್ರೆ ಸಾಕು."

ಅಷ್ಟರಲ್ಲಿ ತೋಳು ತನ್ನ ಹಾಳೆ ಮುಗಿಸಿತ್ತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಕೆಳಗಿನ ಬಲಮೂಲೆಗೆ ಸರಿದು, ಒಂದು ಸಣ್ಣ ಸುತ್ತು ಹಾಕಿ ಅದರೊಳಗೆ 'ಗೋ' ಎಂದು ಬರೆಯಿತು.

ಪ್ರಮೀಳಾ ಆ ಮೂಲೆಯನ್ನೇ ನೋಡುತ್ತ ನಿಂತರು. 'ಗೋ'ದ ಕೊಂಬು ಮೇಲೆದ್ದು ಹಿಂದಕ್ಕೆ ಬಾಗಿತ್ತು.

"ಇದಕ್ಕೆ ಯಾವ ಯಾವ ಹಾಳೆ ಓದಿಸಿದ್ರಪ್ಪ?"

"ಮೇಷ್ಟ್ರ ಗುರುತು ಇರೋದನ್ನ ಮಾತ್ರ ಮೇಡಂ. ತಪ್ಪಬಾರದು ಅಂತ ಒಂದೊಂದೇ ನೋಡಿ ಆರಿಸಿದ್ವಿ. ಮೂಲೇಲಿ 'ಗೋ' ಇರೋ ಹದಿನಾಲ್ಕು ಸಾವಿರ."

ಪ್ರಮೀಳಾಗೆ ನಗು ಬಂತು. ತಡೆಯಲು ಹೋಗಿ ಕೆಮ್ಮಾಯಿತು. ಶಿವನಂಜು ಓಡಿಹೋಗಿ ನೀರು ತಂದುಕೊಟ್ಟ. ಕಾಯಿಸಿದ್ದೋ ಇಲ್ಲವೋ ಎಂದು ಕೇಳಬೇಕೆನ್ನಿಸಿತು.

ಚಿತ್ರಶಾಲೆಯ ಕ್ಯಾಮರಾದವನು ಬಲು ಖಡಕ್ಕು. ಮೂಲೆಯಲ್ಲಿ ಮೇಷ್ಟ್ರ ಒಪ್ಪಿಗೆಯ 'ಗೋ' ಇಲ್ಲದ ಹಾಳೆಯನ್ನು ಮುಟ್ಟುತ್ತಿರಲಿಲ್ಲ. ಮೇಷ್ಟ್ರೋ, ಮಧ್ಯಾಹ್ನ ಊಟಕ್ಕೆಂದು ಹೋದವರು ಕಾಫಿ, ಎಲೆ ಅಡಿಕೆ, ಸ್ನೇಹಿತರು ಎಂದು ಸಂಜೆಯವರೆಗೆ ಬರುತ್ತಿರಲಿಲ್ಲ. "ಪ್ರಮೀಳಾ, ನೀನೇ ಹಾಕ್ಬಿಡು" ಎಂದು ಮೊದಲ ವರ್ಷವೇ ಹೇಳಿದ್ದರು. ಹದಿಮೂರು ವರ್ಷ ಪ್ರಮೀಳಾ ಹಾಕಿದರು. ತಾವು ಬರೆದ ನಡುಚಿತ್ರಕ್ಕೂ ಹಾಕಿದರು, ಮೇಷ್ಟ್ರ ಒರಟು ಗೆರೆಗಳ ಮೇಲೆ ಹೊಸ ಹಾಳೆಯಿಟ್ಟು ತಾವೇ ಚೊಕ್ಕ ಮಾಡಿದ ಮುಖ್ಯ ಚಿತ್ರಕ್ಕೂ ಹಾಕಿದರು. ಮೇಷ್ಟ್ರು ಸ್ವಂತ ಕೈಯಲ್ಲಿ ಬರೆದ ಒರಟು ಹಾಳೆಗಳಿಗೆ ಮಾತ್ರ ಯಾರೂ ಗುರುತು ಹಾಕುತ್ತಿರಲಿಲ್ಲ, ಏಕೆಂದರೆ ಅವು ಕ್ಯಾಮರಾಕ್ಕೆ ಹೋಗುತ್ತಿರಲಿಲ್ಲ. ಭಂಡಾರದವರು ಅಷ್ಟು ಜೋಪಾನವಾಗಿ ಆರಿಸಿ, ಮೇಷ್ಟ್ರ ಒಂದು ಗೆರೆಯೂ ಒಳಗೆ ಬರದಂತೆ ನೋಡಿಕೊಂಡಿದ್ದರು.

ಮತ್ತೆ ಆ ಎಡಕ್ಕೆ ವಾಲುವುದು. ಪ್ರಮೀಳಾರ ಸ್ಟೂಲಿನ ಎಡಗಾಲು ಅರ್ಧ ಇಂಚು ಗಿಡ್ಡ. ಬೆಳಿಗ್ಗೆ ನೆಟ್ಟಗೆ ಕೂರುತ್ತಿದ್ದರು, ಸಂಜೆಯ ಹೊತ್ತಿಗೆ ಮೈ ಸೋತು ಅತ್ತಲೇ ಜಾರುತ್ತಿತ್ತು. ಅವರು ವಾಲಿದರೆ ಅಜ್ಜಿಯೂ ವಾಲುತ್ತಿದ್ದಳು. ದಿನಕ್ಕೆ ಎಂಬತ್ತು ಹಾಳೆ ಬರೆದ ದಿನಗಳಿದ್ದವು. ಮೇಷ್ಟ್ರು ಇಪ್ಪತ್ತು ಹಾಳೆ ದಾಟಿದವರಲ್ಲ, ಅರವತ್ತನೆಯ ಹಾಳೆಯಲ್ಲಿ ದಣಿಯಲು ಅವರಿಗೆ ಅವಕಾಶವೇ ಇರಲಿಲ್ಲ.

"ನಾಳೆ ಬಂದು ಹೇಳ್ತೀನಿ," ಎಂದರು ಪ್ರಮೀಳಾ. "ಇವತ್ತು ಆಗಲ್ಲ."

*

ಹಿದುಕಿದಬೇಳೆ ಸಾರಿನ ಘಮ ಬಾಗಿಲಲ್ಲೇ ಬಂತು. ಪ್ರಮೀಳಾ ಎಲ್ಲವನ್ನೂ ತಂಗಿಗೆ ಹೇಳಿದರು. ಹೇಮಾವತಿ ಸೌಟು ಹಿಡಿದುಕೊಂಡೇ ಕೇಳಿದಳು.

"ಅಂದ್ರೆ ಆ ತೋಳು ನಿಂದು."

"ನಂದಾಗಿತ್ತು."

"ನಾಳೆ ಹೋಗಿ ಹೇಳು ಮತ್ತೆ."

"ಹೇಳಿದ್ರೆ ಏನಾಗತ್ತೆ ಗೊತ್ತಾ? ದಾರೀಲಿ ಶಿವನಂಜು ಹತ್ರ ಸುಮ್ನೆ ಅನ್ನೋ ಹಾಗೆ ಕೇಳ್ದೆ. ಬದುಕಿರೋರು ಇದು ನನ್ನ ಕೈ ಅಂದ್ರೆ ಅವರ ಒಪ್ಪಿಗೆ ಇಲ್ದೆ ತಿದ್ದೋ ಹಾಗಿಲ್ಲ. ಆದ್ರೆ ಯಂತ್ರದ ಮುಂದೆ ಕೂತು ಹನ್ನೆರಡು ಚಿತ್ರ ಬರೆದು ತೋರಿಸ್ಬೇಕು. ಅದ್ರಲ್ಲಿ ಒಂದಾದ್ರೂ ನೂರಕ್ಕೆ ಎಂಬತ್ತು ಹೊಂದಬೇಕು. ಹೊಂದ್ಲಿಲ್ಲ ಅಂದ್ರೆ ಅದು ಯಾರ ಕೈ ಅಂತಲೇ ಗೊತ್ತಿಲ್ಲ ಅಂತಾಯ್ತು. ಯಾರದೂ ಅಲ್ಲದ ಕೈನ ಅಳಿಸಿಬಿಡ್ಬೇಕಂತೆ, ಕಾಯ್ದೆ." ಪ್ರಮೀಳಾ ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಅದು ತನ್ನ ಪಾಡಿಗೆ ನಡುಗುತ್ತಿತ್ತು. "ಇದನ್ನ ಇಟ್ಕೊಂಡು ನಾನು ಹೊಂದಿಸ್ತೀನಾ? ಬಾಯಿ ಮುಚ್ಕೊಂಡು ಸಹಿ ಹಾಕಿದ್ರೆ ಅಜ್ಜಿ ಆದ್ರೂ ಉಳೀತಾಳೆ."

"ಖಾಲಿ ಬಿಂದಿಗೆ ಹೊತ್ಕೊಂಡು."

"ಹೊರಲಿ. ನನಗೆ ಸಾಕಾಗಿದೆ ಹೇಮಾ. ಯಾರ ಹೆಸರು ಇದ್ರೇನು."

ಹೇಮಾವತಿ ತಟ್ಟೆಗೆ ಅನ್ನ ಬಡಿಸಿ, ಸಾರು ಹಾಕಿ, ಅಕ್ಕನ ಮುಂದಿಡದೆ ತಾನೇ ಕಲಸತೊಡಗಿದಳು. ತುಪ್ಪ ಹಾಕಿ ಮತ್ತೆ ಕಲಸಿದಳು.

"ನೆನಪಿದ್ಯಾ? ನೀನು ಅಲ್ಲಿಂದ ಬಂದಾಗ ಬೆರಳು ಮಡಚೋಕೆ ಆಗ್ತಿರ್ಲಿಲ್ಲ. ಅನ್ನ ಕಲಸಿ ಕೊಡು ಅಂತಿದ್ದೆ. ಹದಿಮೂರು ವರ್ಷ ಕಲಸಿ ಕಲಸಿ ಕೊಟ್ಟಿದೀನಿ. ಅಮ್ಮ, ಆ ಮೇಷ್ಟ್ರ ಕೈ ನೋಯಲ್ವೇನೇ ಅಂತ ಬೈತಿದ್ರು." ಅವಳ ದನಿ ಏರಿತು. "ಆ ಸುಸ್ತು ನಿಂದು ಕಣೇ ಅಕ್ಕ. ಹೆಸರು ಅವರಿಗೆ ಹೋಯ್ತು, ಹೋಗ್ಲಿ. ಸುಸ್ತನ್ನೂ ಒರೆಸಿ ಹಾಕ್ತೀವಿ ಅಂದ್ರೆ ಹೂಂ ಅಂತ ಬರ್ತೀಯಾ?"

ಪ್ರಮೀಳಾಗೆ ಕೋಪ ಬಂತು. ತಂಗಿಯ ಮೇಲಲ್ಲ. ಯಾರ ಮೇಲೆ ಎಂದು ಸರಿಯಾಗಿ ತಿಳಿಯಲಿಲ್ಲ. ಬಹಳ ವರ್ಷಗಳ ಮೇಲೆ ಬಂದ ಕೋಪವಾದ್ದರಿಂದ ಅದನ್ನು ಏನು ಮಾಡಬೇಕೆಂದೂ ತೋಚಲಿಲ್ಲ. ಸುಮ್ಮನೆ ತಟ್ಟೆ ಎಳೆದುಕೊಂಡು ಉಂಡರು. ಉಂಡ ಮೇಲೆ ಎರಡೂ ಮಾತ್ರೆ ನುಂಗಿದರು.

*

ಮರುದಿನ ಪ್ರಮೀಳಾ ಹೇಳಿದ್ದನ್ನೆಲ್ಲ ಡಾಕ್ಟರ್ ಮುತ್ತಮ್ಮ ಕೇಳಿ ಮುಗಿಸಿ, ಶಿವನಂಜುವಿಗೆ ಹೇಳಿ ಮೇಷ್ಟ್ರು ಭಂಡಾರಕ್ಕೆ ಬರೆದಿದ್ದ ಹಳೆಯ ಕಾಗದವೊಂದನ್ನು ತರಿಸಿ, ಅದರ ಸಹಿಯನ್ನು ಯಂತ್ರಕ್ಕೆ ಓದಿಸಿದರು. ಎರಡು 'ಗೋ'ಗಳೂ ಒಂದೇ ಕೈಯವಲ್ಲ ಎಂದು ಯಂತ್ರ ಹೇಳಿತು.

"ಅವರದ್ದಲ್ಲ ಅಂತಾಯ್ತು," ಎಂದರು ಮುತ್ತಮ್ಮ. ಅವರ ಮುಖ ಬಿಳುಪೇರಿತ್ತು. "ನಿಮ್ಮದು ಅಂತ ಆಗ್ಲಿಲ್ಲ. ಪ್ರಮೀಳಾ ಅವರೇ, ಈಗ ಹಿಂದೆ ಹೋಗೋ ಹಾಗಿಲ್ಲ. ನೀವು ಬರೆದು ತೋರಿಸ್ಲಿಲ್ಲ ಅಂದ್ರೆ ನಾನು ಇದನ್ನ ಇವತ್ತೇ ಅಳಿಸ್ಬೇಕಾಗತ್ತೆ. ಗೊತ್ತಿದ್ದೂ ಹೇಳಿದ್ರಾ?"

"ಗೊತ್ತಿದ್ದೇ."

ಶಿವನಂಜು ಹಳೆಯ ಸರಕಿನ ಕೋಣೆಯಿಂದ ದೀಪದ ಮೇಜೊಂದನ್ನು ತಂದ. ಹಾಳೆ ಸರಿಯದಂತೆ ಹಿಡಿಯುವ ಎರಡು ಹಿತ್ತಾಳೆಯ ಗೂಟಗಳೂ ಅದರಲ್ಲಿದ್ದವು. ಪ್ರಮೀಳಾ ಅವನ್ನು ಬೆರಳಿನಿಂದ ಸವರಿದರು. ಗುರುತಿಲ್ಲವೆಂದು ಭಂಡಾರದವರು ಪಕ್ಕಕ್ಕಿಟ್ಟಿದ್ದ ಮೇಷ್ಟ್ರ ಎರಡು ಒರಟು ಚಿತ್ರಗಳನ್ನು ಗೂಟಕ್ಕೆ ಸಿಕ್ಕಿಸಿ, ಮೇಲೆ ಬಿಳಿ ಹಾಳೆ ಇಟ್ಟರು. ಅಜ್ಜಿಯ ನಡಿಗೆ. ಕೆಳಗೆ ದೀಪ ಹೊತ್ತಿತು. ಮೇಷ್ಟ್ರ ಗೆರೆಗಳು ಕಾಗದದೊಳಗಿಂದ ತೇಲಿ ಬಂದವು. ಎಷ್ಟು ಚೆಂದದ ಗೆರೆ, ಎಂಥ ಧೈರ್ಯದ ಗೆರೆ ಎಂದು ಪ್ರಮೀಳಾಗೆ ಮತ್ತೊಮ್ಮೆ ಅನ್ನಿಸಿತು.

ಪೆನ್ಸಿಲ್ ಹಿಡಿದರು. ಮೊದಲು ಸೊಂಟದ ಗೆರೆ. ಅದು ಇರುವೆ ಸಾಲಿನ ಹಾಗೆ ಅಂಕುಡೊಂಕಾಗಿ ಹೋಯಿತು.

ಎಡಗೈ ಬೆರಳುಗಳ ಸಂದಿಯಲ್ಲಿ ಹಾಳೆಗಳನ್ನು ಹಿಡಿದು, ಮುಂದಿನದು ಹಿಂದಿನದು ಎಂದು ಪಟಪಟನೆ ಮಡಚಿ ಬಿಡಿಸಿ ನೋಡುತ್ತ ಬರೆಯುವುದು ಪದ್ಧತಿ. ಎಡಗೈ ಅದನ್ನು ಮರೆತಿರಲಿಲ್ಲ. ಬಲಗೈಯದೇ ಕಷ್ಟ. ಬಿಂದಿಗೆಯ ಬಾಯಿ ಬರೆಯಲು ಹೋದರೆ ಹಲ್ಲು ಹಲ್ಲಾಗಿ ಬಂತು. ಅಜ್ಜಿಯ ಮೂಗು ಎರಡು ಸಲ ಜಾರಿತು. ಒಂದು ಹಾಳೆಗೆ ಹತ್ತು ನಿಮಿಷ ಹಿಡಿಯಿತು. ಮೂರನೆಯ ಹಾಳೆಯ ಹೊತ್ತಿಗೆ ಶಿವನಂಜು ಪರದೆಯ ಅಂಕಿಯನ್ನು ಅವರಿಗೆ ಕಾಣದಂತೆ ತಿರುಗಿಸಿದ. ಅದನ್ನು ಪ್ರಮೀಳಾ ಕಂಡರು.

ಹನ್ನೆರಡು ಹಾಳೆ ಮುಗಿಯಲು ಎರಡು ಗಂಟೆ ಬೇಕಾಯಿತು.

"ಎಷ್ಟು ಬಂತಪ್ಪ?"

ಅವನ ಬದಲು ಮುತ್ತಮ್ಮ ಹೇಳಿದರು. "ಹೆಚ್ಚು ಅಂದ್ರೆ ಇಪ್ಪತ್ತೊಂದು."

ಪ್ರಮೀಳಾರ ಬೆನ್ನು ಉರಿಯುತ್ತಿತ್ತು. ಎದ್ದು ಮನೆಗೆ ಹೋಗಿ ಮಲಗಿಬಿಡಬೇಕು ಎನ್ನಿಸಿತು. ಎದುರಿಗೆ ಲೋಹದ ತೋಳು ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ನಿಂತಿತ್ತು. ತಮ್ಮದೇ, ಮೂವತ್ತರ ವಯಸ್ಸಿನ ಕೈ. ಅದಕ್ಕೆ ಆಗ ಯಾರೂ, ಸಾಕು ಏಳು ಎಂದು ಹೇಳಿರಲಿಲ್ಲ.

"ನಾನು ಇನ್ನೂ ಬರೀತೀನಿ," ಎಂದರು.

"ಕಾಯ್ದೆ ಹನ್ನೆರಡು ಅನ್ನತ್ತೆ."

"ಹನ್ನೆರಡೇ ಅನ್ನತ್ತಾ, ಹನ್ನೆರಡಾದರೂ ಅನ್ನತ್ತಾ?"

ಮುತ್ತಮ್ಮ ಕುರ್ಚಿ ಎಳೆದುಕೊಂಡು ಕೂತರು. "ಕಡಿಮೆ ಅಂದ್ರೆ ಹನ್ನೆರಡು ಅಂತಿದೆ. ಬರೀರಿ."

ಹದಿಮೂರನೆಯದು ಬರೆದರು. ಭುಜ ಹಿಡಿದುಕೊಂಡಿತ್ತು. ಹದಿನಾಲ್ಕನೆಯ ಹಾಳೆಗೆ ಕೈ ಹಾಕುವಾಗ, ಚೆನ್ನಾಗಿ ಬರೆಯಬೇಕೆನ್ನುವ ಆಸೆಯೂ ಸೋತುಹೋಯಿತು. ಇನ್ನು ಬಂದ ಹಾಗೆ ಬರಲಿ. ಪಾದವನ್ನು ಎಷ್ಟು ಎತ್ತಬೇಕೋ ಅಷ್ಟು ಎತ್ತಲು ಮನಸ್ಸಾಗಲಿಲ್ಲ. ಬಿಂದಿಗೆ ಜಾರೀತು ಎಂದು ಅಜ್ಜಿಯ ಕೈಯನ್ನು ಬಿಗಿ ಮಾಡಿದರು. ಭುಜ ತಾನಾಗಿಯೇ ಇಳಿಯಿತು.

"ಮೂವತ್ತನಾಲ್ಕು," ಎಂದ ಶಿವನಂಜು ಮೆಲ್ಲಗೆ.

ಹದಿನೈದು. ಹದಿನಾರು. ಗೆರೆ ಮೊದಲಿನಷ್ಟೇ ನಡುಗುತ್ತಿತ್ತು.

"ಐವತ್ತೆರಡು. ಮೇಡಂ, ಐವತ್ತೆರಡು!" ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದ. "ಗೆರೆ ಹೊಂದ್ತಿಲ್ಲ. ಗೆರೆಗೆ ಒಂದಂಕಿಯೂ ಏರಿಲ್ಲ. ಅಜ್ಜಿ ನಿಂತಿರೋ ರೀತಿ ಹೊಂದ್ತಿದೆ. ಆ ಭುಜ ಇಳಿಯೋದು, ಆ ಕಾಲು... ಅರವತ್ತನೇ ಹಾಳೆಯಿಂದ ಆಚೆಗಿನ ಚಿತ್ರಗಳ ಜೊತೆ ಹೊಂದ್ತಿದೆ."

ಆಗ ಅರವತ್ತಕ್ಕೆ ಬರುತ್ತಿದ್ದ ದಣಿವು ಈಗ ಹದಿನಾಲ್ಕಕ್ಕೇ ಬಂದಿತ್ತು. ವಯಸ್ಸಾಯಿತಲ್ಲ. ಆದರೆ ದಣಿವು ಅದೇ. ಅದು ಬರುವ ದಾರಿ, ಮೊದಲು ಹಿಡಿಯುವ ಜಾಗ, ಆಮೇಲೆ ಇಳಿಯುವ ಜಾಗ, ಯಾವುದೂ ಬದಲಾಗಿರಲಿಲ್ಲ.

ಹದಿನೆಂಟನೆಯ ಹಾಳೆಗೆ ಎಪ್ಪತ್ತೊಂದು. ಮುತ್ತಮ್ಮ ಕುರ್ಚಿಯಿಂದ ಎದ್ದು ನಿಂತಿದ್ದರು. ಇಲ್ಲಿನ ಸ್ಟೂಲಿನ ನಾಲ್ಕು ಕಾಲೂ ಸಮವಾಗಿದ್ದವು. ಆದರೂ ಪ್ರಮೀಳಾ ಮೆಲ್ಲಮೆಲ್ಲನೆ ಎಡಕ್ಕೆ ಜಾರುತ್ತಿದ್ದರು. ಎಡಕ್ಕೆ ವಾಲ್ತಿದೀಯ ಎಂದು ಹೇಳಲು ಹೇಮಾವತಿ ಅಲ್ಲಿರಲಿಲ್ಲ. ಹೇಳಿದ್ದರೂ ಪ್ರಮೀಳಾ ನೆಟ್ಟಗಾಗುತ್ತಿರಲಿಲ್ಲ. ಹಾಳೆಯ ಮೇಲೆ ಅಜ್ಜಿಯೂ ವಾಲಿದಳು. ಮೂರು ಡಿಗ್ರಿ.

ಹತ್ತೊಂಬತ್ತನೆಯದಕ್ಕೆ ಎಂಬತ್ತಮೂರು ಬಂತು.

ಶಿವನಂಜು ಕಣ್ಣೊರೆಸಿಕೊಂಡ. "ಆಯ್ತು ಮೇಡಂ. ಆಯ್ತು. ಪೆನ್ಸಿಲ್ ಇಡಿ. ಇದು ನಿಮ್ಮ ಕೈ."

ಪ್ರಮೀಳಾ ಪೆನ್ಸಿಲ್ ಇಡಲು ನೋಡಿದರು. ಬೆರಳು ಬಿಡಿಸಿಕೊಳ್ಳಲಿಲ್ಲ. ಅವನೇ ಬಂದು ಒಂದೊಂದಾಗಿ ಬಿಡಿಸಿದ.

"ಒಪ್ಪಿಗೆ ಕೊಡೋದು ಬಿಡೋದು ಈಗ ನಿಮ್ಮಿಷ್ಟ," ಎಂದರು ಮುತ್ತಮ್ಮ. ಅವರ ದನಿ ಮೆತ್ತಗಾಗಿತ್ತು. "ಹೇಗೆ ಹೇಳ್ತೀರೋ ಹಾಗೆ. ಮೊದಲು ಸ್ವಲ್ಪ ಒರಗಿಕೊಳ್ಳಿ. ಪಕ್ಕದ ಕೋಣೇಲಿ ಮಂಚ ಇದೆ."

"ಮೊದ್ಲು ಅವಳನ್ನ ಕೂರಿಸಿ," ಎಂದರು ಪ್ರಮೀಳಾ. "ಆಮೇಲೆ ನಾನು."

ಅವರಿಗೆ ಅರ್ಥವಾಗಲಿಲ್ಲ. ಪ್ರಮೀಳಾ ಹೇಳಿದರು. ಹದಿಮೂರು ವರ್ಷ, ಅಷ್ಟೂ ಚಿತ್ರಗಳಲ್ಲಿ, ಬಿಂದಿಗೆ ಅಜ್ಜಿ ಒಮ್ಮೆಯೂ ಕೂತವಳಲ್ಲ. ಕೊನೆಯ ಚಿತ್ರಕ್ಕೆ ಮೇಷ್ಟ್ರು ಎರಡು ಒರಟು ಹಾಳೆ ಬರೆದಿದ್ದರು. ಒಂದರಲ್ಲಿ ಜಗಲಿಯ ಮುಂದೆ ನಿಂತ ಅಜ್ಜಿ, ಇನ್ನೊಂದರಲ್ಲಿ ಕೂತ ಅಜ್ಜಿ. "ಕೂರಿಸೋದು ನಿನ್ನ ಕೆಲಸ, ನಂಗೆ ಗೊತ್ತಾಗಲ್ಲ" ಎಂದಿದ್ದರು. ಅದನ್ನು ಬರೆಯುವ ಮುಂಚೆ ಚಿತ್ರಶಾಲೆ ಮುಚ್ಚಿತು. ಅಜ್ಜಿ ನಿಂತೇ ಇದ್ದಳು.

ಶಿವನಂಜು ಆ ಎರಡು ಹಾಳೆಗಳನ್ನು ಹುಡುಕಿ ತೆಗೆದ. ಗುರುತಿಲ್ಲದ ಹಾಳೆಗಳ ಪೆಟ್ಟಿಗೆಯಲ್ಲಿದ್ದವು. ತೋಳಿಗೆ ತೋರಿಸಿದ. "ದಣಿದ ಕೈಯೇ ಇರಲಿ ಅಲ್ವಾ ಮೇಡಂ?"

"ಹೂಂ. ಅರವತ್ತಾದ್ಮೇಲಿಂದ ಶುರು ಮಾಡಿಸು."

ತೋಳು ಬರೆಯಿತು. ನಡುವೆ ತೊಂಬತ್ತಾರು ಚಿತ್ರ. ಕೊನೆಯ ಹಾಳೆ ಇನ್ನೂ ತೋಳಿನ ಕೆಳಗಿರುವಾಗಲೇ ಗೋಡೆಯ ಮೇಲೆ ಓಡಿಸಿದರು. ಅಜ್ಜಿ ಜಗಲಿಯ ಕಡೆ ನೋಡಿದಳು, ಒಮ್ಮೆ ಕಣ್ಣು ಮುಚ್ಚಿದಳು. ಬಿಂದಿಗೆಯನ್ನು ಸೊಂಟದಿಂದ ಇಳಿಸಿ, ನೀರು ತುಳುಕದಂತೆ ನೆಲಕ್ಕೆ ತಾಗಿಸಿದಳು. ಎಡಗೈಯಲ್ಲಿ ನೆರಿಗೆ ಒಟ್ಟುಮಾಡಿ ಹಿಡಿದು, ಬಲಗೈ ಮಂಡಿಗೆ ಊರಿ, ಮೆಲ್ಲಗೆ, ಬಹಳ ಮೆಲ್ಲಗೆ ಕೂತಳು. ಅವಳು ಕೂತ ಮೇಲೆ ಎರಡು ಚಿತ್ರ ತಡವಾಗಿ ಸೆರಗು ಬಂದು ಅವಳ ಪಕ್ಕದಲ್ಲಿ ಕೂತಿತು.

ಪ್ರಮೀಳಾ ಅತ್ತರು. ಯಾರ ಮುಂದೆ ಅಳುತ್ತಿದ್ದೇನೆ ಎನ್ನುವ ಸಂಕೋಚವೂ ಇಲ್ಲದೆ ಅತ್ತರು.

ಮೇಜಿನ ಮೇಲೆ ತೋಳು ಇನ್ನೂ ಕೆಲಸದಲ್ಲಿತ್ತು. ಕೊನೆಯ ಹಾಳೆಯ ಬಲಮೂಲೆಗೆ ಸರಿದು, ಸಣ್ಣ ಸುತ್ತು ಹಾಕತೊಡಗಿತ್ತು. ಶಿವನಂಜು ಅದನ್ನು ನಿಲ್ಲಿಸಲು ಧಾವಿಸಿದ.

"ಹಾಕ್ಲಿ ಬಿಡಪ್ಪ," ಎಂದರು ಪ್ರಮೀಳಾ. "ಕೂತಿರೋ ಅಜ್ಜಿನ ಬರೆದೋರು ಮೇಷ್ಟ್ರೇ ಅಲ್ವಾ. ಆ ಪೆನ್ಸಿಲ್ ಕೊಡು ಇಲ್ಲಿ."

ತೋಳು 'ಗೋ' ಎಂದು ಬರೆದು ಮುಗಿಸುವವರೆಗೆ ಕಾದರು. ಆಮೇಲೆ ಅದರ ಪಕ್ಕದಲ್ಲಿ, ನಡುಗುವ ಕೈಯಲ್ಲಿ, ಇನ್ನೊಂದು ಸುತ್ತು ಹಾಕಿ ಒಳಗೆ 'ಪ್ರ' ಎಂದು ಬರೆದರು. ಸುತ್ತು ಸರಿಯಾಗಿ ಕೂಡಿಕೊಳ್ಳಲಿಲ್ಲ. ಅದನ್ನು ತಿದ್ದಲು ಹೋಗದೆ ಪೆನ್ಸಿಲ್ ಕೆಳಗಿಟ್ಟು, ಮಂಚ ಎಲ್ಲಿದೆ ಎಂದು ಕೇಳಿದರು.